ಸೀತನಿ ಕುಣಿಯಲ್ಲಿ ಬಾರಿಹಣ್ಣಿನ ಗಡಿಗೆ

ನಾವು ಸಣ್ಣವರಿದ್ದಾಗ ಹಣ್ಣನ್ನು ಬೇಯಿಸಿ ತಿನ್ನುತ್ತೇವೆ ಅಂದರೆ ಜನ ನಗುತ್ತಿದ್ದರು. ಗಿಡದ ಮೇಲೆ ಬಿಸಿಲು ಒಮ್ಮೆ ಹಣ್ಣು ಮಾಡಿ ಕೊಟ್ಟಿದೆ, ನೀನೇನು ಒಲೆಯ ಮೇಲೆ ಮತ್ತೊಮ್ಮೆ ಹಣ್ಣು ಮಾಡುತ್ತೀ ಎಂದು ಕೇಳುತ್ತಿದ್ದರು. ತಿಕೋಟಾದ ಸುತ್ತ ಆಗ ಈಗಿನ ಹಾಗೆ ಎತ್ತ ನೋಡಿದರೂ ದ್ರಾಕ್ಷಿ ಪಡಗಳಿರಲಿಲ್ಲ. ಬ್ಯಾಸಗಿಗೆ ಬಿರಿಯುವ ಕಪ್ಪುಮಣ್ಣಿನ ಎರಿಹೊಲ, ಅದರ ತುಂಬ ಬಿಳಿಜೋಳ. ಹಣ್ಣು ಅಂದರೆ ಒಡ್ಡಿನ ಮೇಲಿನ ಬಾರಿಹಣ್ಣು ಅಂದರೆ ಎಲಚಿ, ಬಾವಿಯ ದಂಡೆಯ ಪೇರಲ, ಸಂತೆಯ ದಿನ ಅಪ್ಪ ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ ಬಾಳೆಹಣ್ಣು. ಅಷ್ಟೇ. ಅಷ್ಟರಲ್ಲೇ ನಾವು ರಾಜರ ಮಕ್ಕಳ ಹಾಗೆ ಇದ್ದೆವು.

ಇದನ್ನೆಲ್ಲ ಈಗ ಯಾಕೆ ಬರೆಯಾಕತ್ತೇನಿ ಅಂದರೆ, ಹೋದ ಐತವಾರ ವಿಜಯಪುರದ ನಮ್ಮ ಮನೆಯಲ್ಲಿ ನನ್ನ ಮೊಮ್ಮಗಳು ಸೃಷ್ಟಿ ಒಂದು ಗಾಜಿನ ಬೋಗುಣಿಯಲ್ಲಿ ದ್ರಾಕ್ಷಿ ತುಂಬಿ, ಮೇಲೆ ಹಿಟ್ಟು ಮುಚ್ಚಿ, ಓವನ್ನಿನೊಳಗೆ ಇಟ್ಟು ಬೇಯಿಸಿದಳು. ಅದಕ್ಕೆ ಕಾಬ್ಲರ್ ಅನ್ನುತ್ತಾರಂತೆ. ವಾಸನೆಗೆ ಬಾಜೂ ಮನೆಯಾಕೆ ಬಂದು ಇಣುಕಿದಳು. "ಏನ್ರಿ ಆಯಿ, ನಿಮ್ಮ ಕಾಲದಾಗ ಇಂಥಾವೆಲ್ಲಾ ಎಲ್ಲಿದ್ದುವ್ರಿ? ಇದು ಹೊರದೇಶದ್ದು," ಅಂದಳು.

"ಯಾವ ದೇಶದ್ದೂ ಅಲ್ಲವಾ, ತಿಕೋಟಾದ್ದು. ನಾ ಪರಕರ ಉಡೂವಾಗನ ಮಾಡೇನಿ," ಅಂದೆ.

ಆಕೆ ನಕ್ಕಳು. ವಯಸ್ಸಾದವರು ಏನೋ ಅಂತಾರ ಬಿಡು ಅನ್ನುವ ನಗೆ. ಆ ನಗೆ ನನಗೆ ಗೊತ್ತು, ಮೊದಲೂ ಕೇಳಿದ್ದೇನೆ. ನಾನು ಸಾಲಿ ಕಲಿತದ್ದು ಮೂರನೆಯ ಇಯತ್ತೆಯ ಮಟ. ಬರೆಯುವಾಗ ಒತ್ತಕ್ಷರ ತಪ್ಪುತ್ತವೆ, ಸೃಷ್ಟಿ ತಿದ್ದಿ ಕೊಡುತ್ತಾಳೆ. ಆದರೆ ಮಾತು ತಪ್ಪುವುದಿಲ್ಲ. ನಿಮ್ಮಲ್ಲಿ ಯಾರಾದರೂ ಸೀತನಿ ತಿಂದವರಿದ್ದರೆ, ಅಂಗೈ ಕಪ್ಪಾಗುವ ಹಾಗೆ ತೆನೆ ತಿಕ್ಕಿದವರಿದ್ದರೆ, ನೀವೇ ಹೇಳಿರಿ ಇದು ಯಾವ ದೇಶದ್ದೆಂದು.

ಎಳ್ಳಮಾಸಿಗೆ, ಅಂದರೆ ಎಳ್ಳಮಾವಾಸ್ಯೆಗೆ, ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲಿ ಬಂದ ಮೇಲೆ ಜೋಳದ ತೆನೆಯೊಳಗಿನ ಹಾಲು ಗಟ್ಟಿಯಾಗತೊಡಗುತ್ತದೆ. ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಚಿಮ್ಮಲೂಬಾರದು, ಹಿಟ್ಟೂ ಆಗಿರಬಾರದು. ಆ ನಡುವಿನ ದಿನಗಳೇ ಸೀತನಿಯ ದಿನಗಳು. ಹೊಲದಲ್ಲೇ ಒಂದು ಕುಣಿ ತೋಡಿ, ಸೆಗಣಿಯ ಕುಳ್ಳು ಒಟ್ಟಿ ಬೆಂಕಿ ಹಚ್ಚಿ, ಅದು ಉರಿದು ಕೆಂಡವಾದ ಮೇಲೆ ಹಸಿ ತೆನೆಗಳನ್ನು ಅದರೊಳಗೆ ತುರುಕಿ ಸುಡಬೇಕು. ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಆ ಹಸಿರು ಕಾಳನ್ನು ಬೆಲ್ಲ, ಶೇಂಗಾ ಚಟ್ನಿ, ಕೆನೆಮೊಸರಿನ ಜೊತೆ ಮುಕ್ಕಬೇಕು. ಥಂಡಿಯ ಬಿಸಿಲು ಬೆನ್ನಿಗೆ, ಕೆಂಡದ ಕಾವು ಮುಖಕ್ಕೆ. ಕುಳ್ಳಿನ ಹೊಗೆ, ಸುಟ್ಟ ಎಲೆಯ ವಾಸನೆ, ಹಾಲುಗಾಳಿನ ಸಿಹಿ. ನಾವು ಹುಡುಗರು ಜೋಳದ ಸಾಲುಗಳ ನಡುವೆ ಅಡಗಿ ಆಡುತ್ತಿದ್ದೆವು. ಎಲೆಯ ಅಂಚು ಕೆನ್ನೆ ಗೀರಿ ಉರಿಯುತ್ತಿತ್ತು. ಆಡಿ ದಣಿದು ಒಡ್ಡಿನ ನೆರಳಿನಲ್ಲಿ ಕುಳಿತು ಗಜಗ ಆಡುತ್ತಿದ್ದೆವು. ಯಾರಾದರೂ "ಬರ್ರ್ಯೋ, ತೆನಿ ಬಂದುವು!" ಎಂದು ಕೂಗಿದರೆ ಗಜಗ ಅಲ್ಲೇ, ನಾವು ಇಲ್ಲಿ.

ನಮ್ಮ ಮನೆಯಲ್ಲಿ ಆ ಕುಣಿಯ ಯಜಮಾನಿಕೆ ದೊಡ್ಡಪ್ಪನದು, ಅಂದರೆ ನನ್ನ ಅಪ್ಪನ ಅಣ್ಣನದು. ಕುಣಿ ಆತನೇ ತೋಡಬೇಕು, ಕುಳ್ಳು ಆತನೇ ಒಟ್ಟಬೇಕು, ಬಡಿಗೆ ಹಿಡಿದು ಕೆಂಡ ಆತನೇ ಕೆದಕಬೇಕು. ಹೆಂಗಸರು ಬುತ್ತಿ ಬಿಚ್ಚಿಟ್ಟು ದೂರ ಕೂಡಬೇಕು. ಹಾಗೆಂದು ಯಾವ ಶಾಸ್ತ್ರದಲ್ಲಿ ಬರೆದಿತ್ತೋ ಗೊತ್ತಿಲ್ಲ. ಆತನ ಮೀಸೆಯಲ್ಲಿ ಬರೆದಿತ್ತು ಅಂತ ಕಾಣುತ್ತದೆ.

ದೊಡ್ಡಪ್ಪನ ಮತ್ತು ಅಪ್ಪನ ತಾಯಿ ನಮ್ಮ ಆಯಿ. ಕುಳ್ಳಗೆ, ಕಪ್ಪಗೆ, ಹಣೆಯ ಮೇಲೆ ಹಸಿರು ಹಚ್ಚೆ. ದನಿ ಮಾತ್ರ ಒಂದು ಹೊಲದಿಂದ ಮತ್ತೊಂದು ಹೊಲಕ್ಕೆ ಕೇಳುತ್ತಿತ್ತು. ಆಕೆಯ ಹಲ್ಲೆಲ್ಲ ಉದುರಿದ್ದವು. ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ನುಂಗುತ್ತಿದ್ದಳು. ಅದಕ್ಕೆ ಆಕೆಗೆ ಬೇಸರವೇನೂ ಇರಲಿಲ್ಲ. ಆದರೆ ಒಂದು ವರ್ಷದ ಸೀತನಿಯಲ್ಲಿ ಒಂದು ಸಂಗತಿ ನಡೆಯಿತು. ಎಲ್ಲರ ಜೊತೆ ಆಯಿಯೂ ಒಂದು ಹಿಡಿ ಬಿಸಿ ಕಾಳು ಬಾಯಿಗೆ ಹಾಕಿಕೊಂಡಳು. ಈ ಗಲ್ಲದಿಂದ ಆ ಗಲ್ಲಕ್ಕೆ ಸರಿಸಿದಳು, ಒಸಡಿನಿಂದ ಒತ್ತಿದಳು, ಆಗಲಿಲ್ಲ. ಯಾರೂ ನೋಡದ ಹಾಗೆ ಸೆರಗು ಬಾಯಿಗೆ ಒಡ್ಡಿ, ಕಾಳನ್ನೆಲ್ಲ ಅದರೊಳಗೆ ಉಗುಳಿ ಗಂಟು ಕಟ್ಟಿದಳು. ನಾನು ನೋಡಿದೆ. ದೊಡ್ಡಪ್ಪನ ಮಗ ಮಲ್ಲ್ಯಾನೂ ನೋಡಿದ. ನನ್ನ ವಯಸ್ಸಿನವನೇ, ಬಾಯಿ ಮಾತ್ರ ನನಗಿಂತ ದೊಡ್ಡದು.

"ನೋಡ್ರೋ, ಆಯಿ ಉಡ್ಯಾಗ ಜ್ವಾಳ ಕಟಗೊಂಡಾಳ, ಬಿತ್ತಾಕ ಹೊಂಟಾಳ!" ಎಂದು ಕೂಗಿದ.

ಎಲ್ಲರೂ ನಕ್ಕರು. ಆಯಿಯೂ ನಕ್ಕಳು. ಆದರೆ ಮನೆಗೆ ಬಂದ ಮೇಲೆ ಆ ಗಂಟನ್ನು ಕೋಳಿಗಳ ಮುಂದೆ ಕೊಡವುತ್ತ, "ಇನ್ನ ನಾ ಸೀತನಿಗಿ ಬರಂಗಿಲ್ಲ ತಗಿ," ಅಂದಳು. ಯಾರಿಗೂ ಹೇಳಿದ ಮಾತಲ್ಲ ಅದು, ಕೋಳಿಗೆ ಹೇಳಿದ್ದು. ನಾನು ಹಿಂದೆ ನಿಂತಿದ್ದೆ.

ಆ ಮಾತು ವರ್ಷವಿಡೀ ನನ್ನ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ನನಗೆ ತಲೆ ಬಾಚುವಾಕೆ ಆಯಿ, ಹೊಡೆತ ಬೀಳುವಾಗ ಅಡ್ಡ ಬರುವಾಕೆ ಆಯಿ, ಥಂಡಿಯಲ್ಲಿ ಕೌದಿಯೊಳಗೆ ಎಳೆದುಕೊಳ್ಳುವಾಕೆ ಆಯಿ. ಎಲ್ಲರೂ ಹೊಲದಲ್ಲಿ ಕುಳಿತು ತಿನ್ನುವಾಗ ಆಕೆಯೊಬ್ಬಳು ಮನೆಯಲ್ಲಿ ಕೋಳಿ ಕಾಯಬೇಕೇ? ಮುಂದಿನ ಸೀತನಿ ಹತ್ತಿರ ಬಂದಾಗ ದೊಡ್ಡಪ್ಪ, "ಅವ್ವ ಮನ್ಯಾಗಿರಲಿ ಬಿಡ್ರಿ. ಬಂದು ಏನ್ ಮಾಡ್ಯಾಳ, ಹಲ್ಲಿಲ್ಲ ಏನಿಲ್ಲ," ಅಂದ. ಎಲ್ಲರೂ ಹೂಂ ಅಂದರು. ಆಯಿ ಬತ್ತಿ ಹೊಸೆಯುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ. ಅವತ್ತೇ ನಾನು ಮನಸ್ಸಿನಲ್ಲಿ ಅಂದುಕೊಂಡೆ: ಆಯಿ ಹೊಲಕ್ಕೆ ಬರಬೇಕು, ಎಲ್ಲರ ಎದುರು ತಿನ್ನಬೇಕು, ಉಗುಳಬಾರದು. ಹೇಗೆ ಎಂಬುದು ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಬಾರಿಹಣ್ಣು. ಆ ದಿನಗಳಲ್ಲೇ ಒಡ್ಡಿನ ಬಾರಿಕಂಟಿಗಳು ತುಂಬಿ ನಿಲ್ಲುತ್ತವೆ. ಹಣ್ಣು ಹರಿಯಲು ಹೋದರೆ ಮುಳ್ಳು ಪರಕರ ಹಿಡಿದು ಬಿಡುವುದಿಲ್ಲ. ಕೈ ತುಂಬ ಗೀರು, ಬಾಯಿ ತುಂಬ ಹುಳಿಸಿಹಿ. ತೀರ ಹಣ್ಣಾಗಿ ಸುಕ್ಕುಗಟ್ಟಿದವನ್ನು ನಾನು ಆಯಿಗೆ ತಂದು ಕೊಡುತ್ತಿದ್ದೆ. ಆಕೆ ಅವನ್ನು ಬೆಲ್ಲದ ಜೊತೆ ಕಿವುಚಿ, ಒಲೆಯ ಬೂದಿಯಲ್ಲಿ ಸಣ್ಣ ಕುಡಿಕೆಯನ್ನಿಟ್ಟು ಬೆಚ್ಚಗೆ ಮಾಡಿ, ಬೆರಳಿನಿಂದ ನೆಕ್ಕುತ್ತಿದ್ದಳು. ನೆಕ್ಕುವಾಗ ಕಣ್ಣು ಮುಚ್ಚುತ್ತಿದ್ದಳು. ಹಾಗೆ ಕಣ್ಣು ಮುಚ್ಚಿದ ಆಯಿಯನ್ನು ಒಂದು ಸಂಜೆ ನೋಡುತ್ತಿದ್ದಾಗ ನನಗೆ ಹೊಳೆಯಿತು. ಇದನ್ನೇ ದೊಡ್ಡ ಗಡಿಗೆಯಲ್ಲಿ ಮಾಡಬೇಕು. ಸೀತನಿ ಕುಣಿಯಲ್ಲಿ ಇಡಬೇಕು. ಬರೀ ಹಣ್ಣಿನ ರಸವಾದರೆ ಔಷಧದ ಹಾಗೆ ಕಾಣುತ್ತದೆ. ಊಟದ ಹಾಗೆ ಕಾಣಬೇಕಾದರೆ ಮೇಲೆ ರೊಟ್ಟಿ ಬೇಕು.

ಸೀತನಿಯ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದೆ. ಹಿಂದಿನ ದಿನವೇ ಬಾರಿಹಣ್ಣನ್ನು ನೆನೆಹಾಕಿ, ಹಿಚುಕಿ ಹಿಚುಕಿ ಬೀಜ ತೆಗೆದಿದ್ದೆ. ಬೆರಳು ಬಿಳಿಚಿ ಸುಕ್ಕಾಗಿದ್ದವು. ಗಡಿಗೆಯಲ್ಲಿ ಹಣ್ಣಿನ ತಿರುಳು, ಜಜ್ಜಿದ ಬೆಲ್ಲ, ಚಿಟಿಕೆ ಒಣಶುಂಠಿ, ಅವ್ವನನ್ನು ಕಾಡಿ ಬೇಡಿ ಪಡೆದ ನಿಂಬೆಗಾತ್ರದ ಬೆಣ್ಣೆ. ಆಮೇಲೆ ಬಿಸಿ ನೀರು ಹಾಕಿ ಹಿಟ್ಟು ನಾದಿದೆ. ಹಿಟ್ಟು ಅಂದರೆ ಜೋಳದ್ದೇ. ನಮ್ಮ ಮನೆಯಲ್ಲಿ ಹಿಟ್ಟು ಎಂಬ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ಗೋದಿ ಇತ್ತು, ಅದು ಹೋಳಿಗೆಗೆ, ಹಬ್ಬಕ್ಕೆ. ಅದನ್ನು ಮುಟ್ಟಬಹುದು ಎಂದು ನನ್ನ ತಲೆಗೆ ಬರಲೇ ಇಲ್ಲ. ನಾದಿದ ಹಿಟ್ಟನ್ನು ದಪ್ಪಗೆ ತಟ್ಟಿ ಹಣ್ಣಿನ ಮೇಲೆ ಮುಚ್ಚಿ, ಮಣ್ಣಿನ ಮುಚ್ಚಳವಿಟ್ಟು, ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದೆ. ಜೋಳದ ಹಿಟ್ಟು ಕಾಯುವುದಿಲ್ಲ, ನಾದಿದ ಕೂಡಲೇ ತಟ್ಟಿ ಬೇಯಿಸಬೇಕು, ಹೊತ್ತು ಹೋದರೆ ಬಿರಿಯುತ್ತದೆ ಎಂದು ನಮ್ಮ ಕಡೆಯ ಎಂಥ ಸಣ್ಣ ಹುಡುಗಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಗಡಿಬಿಡಿಯಲ್ಲಿ ಮರೆತೆ.

ಅಂಗಳದಲ್ಲಿ ಚಕ್ಕಡಿ ಹೂಡಿದ್ದರು. ಕಾಖಂಡಕಿಯಿಂದ ಮಾಮಾ, ಅಂದರೆ ನನ್ನ ಅವ್ವನ ತಮ್ಮ, ಸೀತನಿಗೆಂದೇ ಬಂದಿದ್ದ. ಎಲ್ಲರೂ ಹತ್ತಿದರು. ನಾನು ಮಡಿಲಲ್ಲಿ ಗಡಿಗೆ ಇಟ್ಟುಕೊಂಡು ಹೊಸ್ತಿಲ ಮೇಲೆ ಕುಳಿತೆ.

"ನೀಲೀ, ಹತ್ತ ಬೇ," ಅಂದಳು ಅವ್ವ.

"ಆಯಿ ಬಂದ್ರ ಹತ್ತತೇನಿ."

"ಆಕಿ ಬರಂಗಿಲ್ಲಂದ್ಳಲ್ಲ."

"ಹಂಗಾರ ನಾನೂ ಬರಂಗಿಲ್ಲ. ಸೀತನೀನೂ ತಿನ್ನಂಗಿಲ್ಲ. ಈ ವರ್ಷ ತಿನ್ನಂಗಿಲ್ಲ, ಬರೂ ವರ್ಷಾನೂ ತಿನ್ನಂಗಿಲ್ಲ."

ದೊಡ್ಡಪ್ಪ ಎತ್ತಿನ ಹಗ್ಗ ಜಗ್ಗಿದ. "ಬಿಡ್ರಿ, ಕುಂಡ್ರಲಿ. ಹೊಟ್ಟಿ ಹಸದ್ರ ತಾನ ಓಡಿ ಬರತಾಳ."

ಆಯಿ ಒಳಗಿನಿಂದ ಬಂದಳು. "ಹೋಗ ಬೇ ನನ್ನವ್ವಾ, ಯಾಕ ಹಟಾ ಮಾಡ್ತಿ?"

"ನೀ ಬಾ."

"ಬಂದು ಏನ್ ತಿನ್ನಲಿ, ನಿನ್ನ ತಲಿ?"

"ನನ್ನ ತಲಿ ಗಟ್ಟಿ ಐತಿ. ಮೆತ್ತಂದು ತಂದೇನಿ, ಬಾ."

ಆಯಿ ನನ್ನ ಮಡಿಲಿನ ಗಂಟು ನೋಡಿದಳು. ಮೊಸರು ಅಂದುಕೊಂಡಳೋ ಏನೋ. ನಾನು ಒಂದು ಕೈಯಲ್ಲಿ ಗಡಿಗೆ, ಇನ್ನೊಂದು ಕೈಯಲ್ಲಿ ಆಕೆಯ ಸೀರೆ ಹಿಡಿದುಬಿಟ್ಟೆ. ಬೈಯುತ್ತ, ನನ್ನ ಹುಟ್ಟಿದ ದಿನದಿಂದ ಹಿಡಿದು ಎಲ್ಲವನ್ನೂ ಬೈಯುತ್ತ, ಆಯಿ ಚಕ್ಕಡಿ ಹತ್ತಿದಳು. ನಾನು ಆಕೆಯ ತೊಡೆಗೆ ಒತ್ತಿ ಕುಳಿತೆ. ದಾರಿಯುದ್ದಕ್ಕೂ ಬೈಗುಳ ನಿಲ್ಲಲಿಲ್ಲ. ನನಗೆ ಅದು ಹಾಡಿನ ಹಾಗೆ ಕೇಳುತ್ತಿತ್ತು.

ಹೊಲದಲ್ಲಿ ದೊಡ್ಡಪ್ಪ ಕುಣಿ ತೋಡಿದ, ಕುಳ್ಳು ಒಟ್ಟಿದ, ಬೆಂಕಿ ಹಚ್ಚಿದ. ಮೊದಲ ತೆನೆಗಳು ಸುಟ್ಟು ಬಂದವು. ಒಂದು ಹಿಡಿ ಕಾಳು ಭೂಮಿತಾಯಿಗೆ ಚೆಲ್ಲಿ, ಎಲ್ಲರೂ ತಿನ್ನಲು ಕುಳಿತರು. ಆಯಿ ಒಡ್ಡಿನ ಹತ್ತಿರ, ಎಲ್ಲರಿಂದ ಸ್ವಲ್ಪ ದೂರ, ಎಲೆ ಅಡಿಕೆ ಕುಟ್ಟುತ್ತ ಕುಳಿತಳು. ನಾನು ಗಂಟು ಬಿಚ್ಚಿ ಗಡಿಗೆ ಹಿಡಿದುಕೊಂಡು ನೇರ ಕುಣಿಯ ಹತ್ತಿರ ಹೋದೆ.

"ಏನಲೇ ಅದು?" ಅಂದ ದೊಡ್ಡಪ್ಪ.

"ಇದನ್ನ ಕೆಂಡದಾಗ ಇಡಬೇಕು."

"ಸೀತನಿ ಕುಣ್ಯಾಗ ಗಡಗಿ ಇಡತಾರೇನ? ತಲಿ ಸುದ್ದ ಐತಿಲ್ಲೋ? ಹುಡುಗಿ ಆಗಿ ಬೆಂಕಿ ಮುಂದ ಬರತಿ, ಅದೂ ಗಡಗಿ ಹಿಡಕೊಂಡು. ಅಪಶಕುನ. ತಗದ ಆಕಡೆ ಇಡು."

"ದಿನಾ ಒಲಿ ಹಚ್ಚೂದು ಯಾರು? ಅವಾಗ ಅಪಶಕುನ ಇರೂದಿಲ್ಲೇನು?"

ಮಾಮಾ ಕೆಮ್ಮಿದ. ಕೆಮ್ಮೋ ನಗೆಯೋ ತಿಳಿಯಲಿಲ್ಲ. ಅವ್ವ ದೂರದಿಂದ "ನೀಲೀ!" ಎಂದು ಹಲ್ಲು ಕಚ್ಚಿದಳು. ದೊಡ್ಡಪ್ಪ ಬಡಿಗೆ ಎತ್ತಿದ. ಹೊಡೆಯಲಿಕ್ಕಲ್ಲ, ಹೆದರಿಸಲಿಕ್ಕೆ. ನಾನು ಹಿಂದೆ ಸರಿಯಲಿಲ್ಲ. ಗಡಿಗೆಯನ್ನು ಎದೆಗೆ ಅವಚಿಕೊಂಡು ನಿಂತೆ.

"ಯಾರಿಗೆ ಬೇ ಅದು?" ಆಯಿ ಒಡ್ಡಿನ ಹತ್ತಿರದಿಂದ ಕೇಳಿದಳು. ಕುಟ್ಟುವ ಸಪ್ಪಳ ನಿಂತಿತ್ತು.

"ನಿನಗ."

"ನನಗ?"

"ಬಾರಿಹಣ್ಣಂದು. ಬೀಜಾ ತಗದೇನಿ. ನೀ ಉಗಳಬಾರದು ಅಂತ."

ಕೊನೆಯ ಮಾತನ್ನು ನಾನು ಹೇಳಬಾರದಿತ್ತೇನೋ. ಹೇಳಿಬಿಟ್ಟೆ. ಎಲ್ಲರ ಕೈಯೂ ಬಾಯಿಯ ಹತ್ತಿರ ನಿಂತವು. ಆಯಿ ಎದ್ದಳು. ಮೊಣಕಾಲಿಗೆ ಕೈಯೂರಿ ನಿಧಾನವಾಗಿ ಎದ್ದಳು, ಆದರೆ ನಡೆದು ಬಂದದ್ದು ನಿಧಾನವಾಗಿ ಅಲ್ಲ. ದೊಡ್ಡಪ್ಪನ ಕೈಯಿಂದ ಬಡಿಗೆ ಕಸಿದುಕೊಂಡಳು.

"ಸರಿ ಅತ್ತಾಗ."

"ಯವ್ವಾ, ನೀ ಸುಮ್ಮ ಕುಂಡ್ರು—"

"ನಿಮ್ಮಪ್ಪ ಹಾಸಿಗಿ ಹಿಡದ ವರ್ಷ ಇದ ಹೊಲದಾಗ ಕುಣಿ ತೋಡಿ, ತೆನಿ ಸುಟ್ಟು, ತಿಕ್ಕಿ ತಿಕ್ಕಿ ನಿನ್ನ ಬಾಯಾಗ ಹಾಕಿದಾಕಿ ಯಾರೋ? ಆಗ ನಿನಗೂ ಹಲ್ಲಿದ್ದಿಲ್ಲ, ಮಗನ. ನಾ ಅಗದು ಉಣಿಸೇನಿ. ಆವತ್ತ ಅಪಶಕುನ ಆಗಲಿಲ್ಲ, ಇವತ್ತ ಆಗತೈತೇನ? ಸರಿ."

ದೊಡ್ಡಪ್ಪ ಸರಿದ. ಅಷ್ಟು ದೊಡ್ಡ ಮೀಸೆ ಒಂದು ಗೇಣು ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಆಯಿ ಕೆಂಡ ಕೆದಕಿ ಕುಣಿಯ ಬದಿಗೆ ಗೂಡಿನ ಹಾಗೆ ಜಾಗ ಮಾಡಿದಳು, ನನ್ನ ಕೈಯಿಂದ ಗಡಿಗೆ ಇಸಿದುಕೊಂಡು ಕೂರಿಸಿದಳು, ಮುಚ್ಚಳದ ಮೇಲೆಯೂ ಕೆಂಡ ಎಳೆದಳು. "ಕೆಳಗಷ್ಟ ಬೆಂಕಿ ಇದ್ರ ಮ್ಯಾಲಿನ ಹಿಟ್ಟು ಹಸಿ ಉಳೀತೈತಿ. ಮ್ಯಾಲೂ ಹಾಕಬೇಕು ಬೇ, ಹುಚ್ಚಿ," ಅಂದಳು. ಓವನ್ನು ಅಂದರೆ ಇದೇ ತಾನೇ? ಮೇಲೆ ಕೆಳಗೆ ಎರಡೂ ಕಡೆ ಕಾವು. ಆಯಿಗೆ ಯಾರು ಹೇಳಿಕೊಟ್ಟಿದ್ದರು?

ಸ್ವಲ್ಪ ಹೊತ್ತಿಗೆ ವಾಸನೆ ಏಳತೊಡಗಿತು. ಬೆಲ್ಲ ಕರಗಿ ಹಣ್ಣಿನ ಹುಳಿಯ ಜೊತೆ ಕುದಿಯುವ ವಾಸನೆ, ಶುಂಠಿಯ ಖಾರ, ಅದರ ಮೇಲೆ ಜೋಳದ ಹಿಟ್ಟು ಬೇಯುವ ವಾಸನೆ. ಸೀತನಿ ತಿನ್ನುತ್ತಿದ್ದವರ ಮೂಗು ಒಂದೊಂದಾಗಿ ಈ ಕಡೆ ತಿರುಗಿತು. ಆಯಿ ಬಡಿಗೆಯಿಂದ ಕೆಂಡ ಸರಿಸಿ, ಸೆರಗಿನಿಂದ ಹಿಡಿದು ಮುಚ್ಚಳ ತೆಗೆದಳು.

ನನ್ನ ಎದೆ ಒಡೆಯಿತು. ನಾನು ಚಂದ್ರನ ಹಾಗೆ ನುಣ್ಣಗೆ ತಟ್ಟಿ ಮುಚ್ಚಿದ್ದ ರೊಟ್ಟಿ ತುಂಬ ಬಿರಿದಿತ್ತು. ಅಡ್ಡ, ಉದ್ದ, ಮೂಲೆ ಮೂಲೆಗೆ ಬಿರುಕು. ಬಿರುಕಿನೊಳಗಿನಿಂದ ಕೆಂಪು ಕಪ್ಪು ರಸ ಗುಳುಗುಳು ಮೇಲೆ ಬರುತ್ತಿತ್ತು.

ಮಲ್ಲ್ಯಾನ ಬಾಯಿ ಮತ್ತೆ ತೆರೆಯಿತು. "ಅಬಬಬ! ನೀಲಿ ರೊಟ್ಟಿ ಬ್ಯಾಸಗಿ ಎರಿಹೊಲ ಆಗೇತ್ರೋ! ಹುಷಾರು, ಬೆರಳಿಟ್ರ ಒಳಗ ಸಿಕ್ಕೊಂತಾವು!"

ಈ ಸಲ ದೊಡ್ಡಪ್ಪನೂ ನಕ್ಕ. ಕಳಕೊಂಡದ್ದು ಸಿಕ್ಕವನ ಹಾಗೆ ನಕ್ಕ. "ಬಿರತ ರೊಟ್ಟಿ ಬಡಿಯೋ ಹುಡುಗೀನ ಯಾವ ಊರಾಗ ಲಗ್ನಾ ಮಾಡಕೋತಾರೋ, ಯಪ್ಪಾ!"

ನಮ್ಮ ಕಡೆ ರೊಟ್ಟಿಯ ಅಂಚು ಬಿರಿದರೆ ಹುಡುಗಿಯರಿಗೆ ಅದು ದೊಡ್ಡ ಅವಮಾನ. ನನಗೆ ಕಣ್ಣಲ್ಲಿ ನೀರು ಬಂದವು. ಒರೆಸಿಕೊಂಡರೆ ಅವರಿಗೆ ಕಾಣುತ್ತದೆ ಎಂದು ಹಾಗೇ ಬಿಟ್ಟೆ. ಆಯಿ ಯಾರ ಕಡೆಗೂ ನೋಡಲಿಲ್ಲ. ಕುಣಿಯ ಪಕ್ಕದಲ್ಲೇ, ಗಂಡಸರ ನಟ್ಟನಡುವೆ, ಚಕ್ಕಳಮಕ್ಕಳ ಹಾಕಿ ಕುಳಿತಳು. ಬಿರುಕಿನೊಳಗೆ ಎರಡು ಬೆರಳು ಹಾಕಿ ರಸದಲ್ಲಿ ನೆಂದ ಒಂದು ತುಂಡು ಎತ್ತಿದಳು, ಊದಿದಳು, ಬಾಯಿಗೆ ಹಾಕಿಕೊಂಡಳು.

ಕಣ್ಣು ಮುಚ್ಚಿದಳು.

ಗದ್ದದ ಮೇಲೆ ರಸ ಇಳಿಯಿತು. ಒರೆಸಿಕೊಳ್ಳಲಿಲ್ಲ. ಇನ್ನೊಂದು ತುಂಡು. ಮತ್ತೊಂದು. ಆಮೇಲೆ ಒಮ್ಮೆಲೇ ಗಲ್ಲ ಉಬ್ಬಿಸಿ, ತಲೆ ಎತ್ತಿ, ಫೂ ಎಂದು ಉಗುಳಿದಳು. ನಾನು ತೆಗೆಯಲು ಮರೆತ ಒಂದು ಬೀಜ! ಅದು ಹಾರಿ ಹೋಗಿ ದೊಡ್ಡಪ್ಪನ ರುಮಾಲಿಗೆ ಟಪ್ ಎಂದು ಬಡಿಯಿತು. ಸೆರಗು ಅಡ್ಡ ಹಿಡಿಯಲಿಲ್ಲ, ಮುಖ ತಿರುಗಿಸಲಿಲ್ಲ. ಇಡೀ ಹೊಲಕ್ಕೆ ಕಾಣುವ ಹಾಗೆ ಉಗುಳಿದಳು.

"ಬಿರದೈತಂತ ನಗತೀರಿ," ಅಂದಳು. "ಎರಿಹೊಲ ಬಿರೀಲಿಲ್ಲಂದ್ರ ಮಳಿ ಎಲ್ಲಿಂದ ಒಳಗ ಹೋಗತೈತ್ರೋ, ಒಕ್ಕಲಿಗರ ಮಕ್ಕಳ? ಈ ರೊಟ್ಟಿ ಬಿರದೈತಿ, ಅದಕ್ಕ ರಸ ಮ್ಯಾಲ ಬಂದೈತಿ. ರಸ ಮ್ಯಾಲ ಬಂದೈತಿ, ಅದಕ್ಕ ಹಿಟ್ಟು ಮೆತ್ತಗಾಗೇತಿ. ನುಣ್ಣಗ ಗಟ್ಟಿಗಿದ್ರ ನಾ ಏನ್ ಗ್ವಾಡಿ ಕಡೀಲೇನು?"

ಮಾಮಾ ಜೋರಾಗಿ ನಕ್ಕ, ಈ ಸಲ ಕೆಮ್ಮಿನ ನೆವ ಇಲ್ಲದೆ. ಅಪ್ಪ ನಕ್ಕ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ದೊಡ್ಡಪ್ಪ ರುಮಾಲು ಕೊಡವಿಕೊಂಡು, ಮೂಗರಳಿಸಿ, ಮೆಲ್ಲಗೆ ಕುಣಿಯ ಹತ್ತಿರ ಸರಿದ. "ಯವ್ವಾ, ಒಂದ ತುಣುಕ ಕೊಡ ನೋಡೂನು," ಅಂದ.

"ನಿನಗ ಹಲ್ಲ ಅದಾವಲ್ಲೋ. ಹೋಗು, ಸೀತನಿ ತಿನ್ನು."

ಹಾ! ಆ ಮಾತು! ಇಷ್ಟು ವರ್ಷವಾದರೂ ನೆನೆಸಿಕೊಂಡರೆ ನನ್ನ ಎದೆ ಉಬ್ಬುತ್ತದೆ. ಹಲ್ಲಿದ್ದವರೆಲ್ಲ ಸುತ್ತ ಕುಳಿತು ನೋಡಿದರು, ಹಲ್ಲಿಲ್ಲದಾಕೆ ತಿಂದಳು. ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ತಾನೊಂದು ತುಂಡು ನನಗೊಂದು ತುಂಡು. ನನಗೆ ಆಗಷ್ಟೇ ಮುಂದಿನ ಹಲ್ಲೊಂದು ಬಿದ್ದಿತ್ತು. "ನಿನಗೂ ಹಕ್ಕೈತಿ ಬಾ," ಅಂದಳು. ಕೊನೆಗೆ ತಳದಲ್ಲಿ ಹತ್ತಿಕೊಂಡಿದ್ದದ್ದನ್ನು ದೊಡ್ಡಪ್ಪನಿಗೂ ಮಲ್ಲ್ಯಾನಿಗೂ ಬಿಟ್ಟಳು. ಬೆಲ್ಲ, ಹಣ್ಣು, ಹಿಟ್ಟು ಸೇರಿ ಗಡಿಗೆಯ ತಳದಲ್ಲಿ ಕಪ್ಪಗೆ ಜಿಗುಟಾಗಿ ಹತ್ತಿತ್ತು. ಅಪ್ಪ ಮಗ ಇಬ್ಬರೂ ಹುಲ್ಲಿನ ಕಡ್ಡಿ, ಬೆರಳು, ಸಿಕ್ಕಿದ್ದರಿಂದೆಲ್ಲ ಕೆರೆದು ತಿಂದರು. ಮಲ್ಲ್ಯಾ ಗಡಿಗೆಯೊಳಗೆ ಮುಖ ತುರುಕಿ, ಮೂಗಿಗೆಲ್ಲ ಮಸಿ ಮಾಡಿಕೊಂಡು, "ಇದ ಖರೇ ರುಚಿ ಐತಿ ನೋಡು. ಮ್ಯಾಲಿಂದು ನಿಮಗಿರಲಿ," ಅಂದ. ಸೋತವನು ಹಾಗೇ ಅನ್ನುತ್ತಾನೆ ಎಂದುಕೊಂಡೆ.

ಆ ಮೇಲಿನ ಸೀತನಿಗಳಿಗೆಲ್ಲ ಆಯಿ ಎಲ್ಲರಿಗಿಂತ ಮೊದಲು ಚಕ್ಕಡಿ ಹತ್ತುತ್ತಿದ್ದಳು. ನಾನು ಜೋಳದ ಹಿಟ್ಟನ್ನು ಬೇಕೆಂದೇ ಬೆಳಿಗ್ಗೆ ನಾದಿ ಒಣಗಲು ಬಿಡುತ್ತಿದ್ದೆ. ದೊಡ್ಡಪ್ಪ ಕುಣಿ ತೋಡುವಾಗಲೇ ಗಡಿಗೆಗೆ ಬದಿಯಲ್ಲೊಂದು ಗೂಡು ಬಿಡುತ್ತಿದ್ದ. ಯಾರೂ ಹೇಳುತ್ತಿರಲಿಲ್ಲ, ತಾನೇ ಬಿಡುತ್ತಿದ್ದ. ಆಯಿ ತೀರಿಕೊಂಡ ವರ್ಷವೂ ಅಭ್ಯಾಸಬಲದಿಂದ ಬಿಟ್ಟಿದ್ದ.

ಇನ್ನು ಹೋದ ಐತವಾರಕ್ಕೆ ಬರುತ್ತೇನೆ. ಅವತ್ತು ಮಲ್ಲ್ಯಾ ಬಂದಿದ್ದ. ಈಗ ಊರಿಗೆಲ್ಲ ಆತ ಮಲ್ಲಪ್ಪ, ನನಗೆ ಮಲ್ಲ್ಯಾನೇ. ಸೀತನಿ ಹೊಲ ಈಗ ಆತನ ದ್ರಾಕ್ಷಿ ಪಡ. ಕಲ್ಲಿನ ಕಂಬ, ತಂತಿ, ಅದರ ಮೇಲೆ ಬಳ್ಳಿ. ಬಾರಿಕಂಟಿಗಳು ಒಡ್ಡಿನ ಸಮೇತ ಹೋಗಿ ಎಷ್ಟೋ ಕಾಲವಾಯಿತು. ಪ್ರತಿ ವರ್ಷ ಒಂದು ಬುಟ್ಟಿ ಹಣ್ಣು ನನಗೆ ತರುತ್ತಾನೆ. ಈ ಸಲದ ಹಣ್ಣು ಅರ್ಧ ಉದುರಿ ಬಿಡಿಬಿಡಿಯಾಗಿತ್ತು. ಸೃಷ್ಟಿ ಅವನ್ನೇ ಆರಿಸಿ ಬೋಗುಣಿಗೆ ಹಾಕಿದ್ದಳು. ಓವನ್ನಿನಿಂದ ತೆಗೆದು ಮೇಜಿನ ಮೇಲೆ ಇಟ್ಟವಳೇ ಮುಖ ಸಣ್ಣ ಮಾಡಿದಳು.

"ಕೆಟ್ಟಹೋತ ಆಯಿ. ಮ್ಯಾಲ ಎಲ್ಲಾ ಬಿರದೈತಿ."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅಡ್ಡ, ಉದ್ದ, ಮೂಲೆ ಮೂಲೆಗೆ ಬಿರುಕು. ಒಳಗಿನಿಂದ ರಸ ಗುಳುಗುಳು. ನನಗೆ ಏನಾಯಿತೋ, ಎದ್ದು ನಿಂತು ಚಪ್ಪಾಳೆ ತಟ್ಟಿದೆ.

"ಇದನ್ನ ಯಾಕ ಮಾಡಿದಿ ಬೇ? ಯಾರ ಹೇಳಿದ್ರು ನಿನಗ?" ಎಂದು ಕೇಳಿದೆ. ಈ ಕಥೆಯನ್ನು ನಾನು ಆಕೆಗೆ ಯಾವತ್ತೂ ಹೇಳಿರಲಿಲ್ಲ.

"ಯಾರೂ ಹೇಳಿಲ್ಲ. ಮೊನ್ನೆ ಮದವ್ಯಾಗ ನೀ ಎಲ್ಲಾರ ಮುಂದ ಲಾಡು ಕೈಯಾಗ ಹಿಡಕೊಂಡು ಕುಂತಿದ್ದಿ, ತಿನ್ನಲೇ ಇಲ್ಲ. ಆಮ್ಯಾಲ ಸೆರಗಿನಾಗ ಕಟ್ಟಿದಿ. ನಾ ನೋಡಿದ್ನಿ. ಅದಕ್ಕ ಮೆತ್ತಂದು ಮಾಡೇನಿ."

ನನ್ನ ಹಲ್ಲು ಹೋಗಿ ಬಹಳ ಕಾಲವೇ ಆಯಿತು. ಕಟ್ಟಿಸಿದ ಹಲ್ಲು ಬಾಯಿಗಿಂತ ಡಬ್ಬಿಯಲ್ಲೇ ಹೆಚ್ಚು ಇರುತ್ತವೆ. ಸೆರಗಿನಲ್ಲಿ ಕಟ್ಟಿದ್ದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದೆ. ನನ್ನ ಆಯಿಯೂ ಹಾಗೇ ಅಂದುಕೊಂಡಿದ್ದಳು ತಾನೇ.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿ, ಸಕ್ಕರಿ ಬಾಳ ಬಿದ್ದೈತ್ರಿ ಅದರಾಗ. ಡಾಕ್ಟರ್ ಏನ್ ಹೇಳ್ಯಾರ ನೆನಪೈತಿಲ್ರಿ?" ಅಂದಳು.

"ಐತವಾ. ಅವರಿಗೂ ಒಂದ ಬಟ್ಟಲ ಕಳಸಿಬಿಡು," ಅಂದೆ.

ಚಮಚ ಬದಿಗಿಟ್ಟೆ. ಬಿರುಕಿನೊಳಗೆ ಎರಡು ಬೆರಳು ಹಾಕಿದೆ. ಆ ದ್ರಾಕ್ಷಿಯ ಬಳ್ಳಿ ಕುಡಿದ ನೀರು ಆ ಕುಣಿಯಿದ್ದ ನೆಲದ್ದೇ. ಕಣ್ಣು ತಾನಾಗಿ ಮುಚ್ಚಿತು. ಎದುರಿಗೆ ಕುಳಿತ ಮಲ್ಲ್ಯಾ ತಡೆಯಲಾರದೆ ಬಟ್ಟಲು ಚಾಚಿದ.

"ನನಗೊಂದೀಟ ಹಾಕ ಬೇ."

ಕಣ್ಣು ತೆರೆಯದೆಯೇ ಅಂದೆ: "ನಿನಗ ಹಲ್ಲ ಅದಾವಲ್ಲೋ."

ಆತ ಬಾಯಿಗೆ ಕೈ ಹಾಕಿ, ಮೇಲಿನದು ಕೆಳಗಿನದು ಎರಡೂ ಸಾಲು ತೆಗೆದು, ಟಕ್ ಎಂದು ಮೇಜಿನ ಮೇಲೆ ಇಟ್ಟ. "ಎಲ್ಲಿ ಅದಾವ? ತೋರ್ಸು," ಅಂದ. ಸೃಷ್ಟಿ ಹೌಹಾರಿ ಹಿಂದೆ ಸರಿದಳು, ಆಮೇಲೆ ನಕ್ಕು ನಕ್ಕು ಕೆಳಗೇ ಕುಳಿತಳು. ಸೊಸೆಯೂ ನಕ್ಕಳು. ಇಬ್ಬರು ಬೋಳುಬಾಯಿಯವರು ಎದುರುಬದುರು ಕುಳಿತು ತಿಂದೆವು. ಬಾಜೂ ಮನೆಯಾಕೆ ಕೇಳಲಿ, ಬೇಕಾದರೆ ಹೊರದೇಶದವರೂ ಕೇಳಲಿ. ನನಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಸೀತನಿ ಈಗ ಹೆದ್ದಾರಿಯ ಬದಿಗೆ ಛತ್ರಿಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತದೆ. ಕುಣಿ ಇಲ್ಲ, ಕುಳ್ಳು ಇಲ್ಲ, ಕರೆಯುವ ದನಿ ಇಲ್ಲ. ಹೋದವು ಹೋದವು. ತಿನ್ನಬೇಕೆಂದವರು ತಿನ್ನುವುದನ್ನು ಬಿಟ್ಟಿಲ್ಲ, ಒಬ್ಬರ ಬಾಯಿಯನ್ನು ಇನ್ನೊಬ್ಬರು ನೋಡಿ ಮಾಡುವುದೂ ನಿಂತಿಲ್ಲ.

ಬೋಗುಣಿ ಖಾಲಿಯಾದಾಗ ಮಲ್ಲ್ಯಾ ಅದನ್ನು ತನ್ನ ಕಡೆ ಎಳೆದುಕೊಂಡ. ಚಮಚದಿಂದ ತಳ ಕೆರೆದ. ಗಾಜು ಕಿರ್ ಎಂದಿತು. ಮತ್ತೆ ಕೆರೆದ. ಎತ್ತಿ ಬೆಳಕಿಗೆ ಹಿಡಿದು ನೋಡಿದ, ಥಳಥಳ ಹೊಳೆಯುತ್ತಿತ್ತು.

"ತಳ ಹತ್ತಿಲ್ಲಲ್ಲ ಬೇ, ನೀಲಿ," ಅಂದ.

"ಇಲ್ಲೋ," ಅಂದೆ. "ಅದೊಂದು ಹತ್ತಿಲ್ಲ."